ಹೊಂಡದ ಮೀನಿನ ಲೆಕ್ಕ: ಕಲ್ಯಾಣದ ಅರಸರ ಕಾಲದಿಂದ ನಮ್ಮ ಕೃಷಿಹೊಂಡದವರೆಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ರೈತರಿಗೆ ಉಪಯೋಗವಾಗುವ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ ಒಕ್ಕಲುತನಕ್ಕೆ ನಿಂತವನು, ಪಂಡಿತನಲ್ಲ. ಆದರೆ ಸಂಘದ ನಿರ್ದೇಶಕನಾಗಿ ಸಾಲದ ಅರ್ಜಿಗಳನ್ನು ನೋಡುವಾಗ ಒಂದು ಮಾತು ಮನಸ್ಸಿಗೆ ಬಂತು. ಇತ್ತೀಚಿನ ವರ್ಷಗಳಲ್ಲಿ ನಿಡಗುಂದಿ ಸುತ್ತಲಿನ ಹೊಲಗಳಲ್ಲಿ ಹೊಂಡಗಳಾಗಿವೆ. ಕೆಲವರು ಅದರಲ್ಲಿ ಮೀನು ಬಿಟ್ಟಾರೆ. ಬಿಟ್ಟವರಲ್ಲಿ ಕೆಲವರಿಗೆ ನಾಲ್ಕು ರೊಕ್ಕ ಬಂದಿದೆ. ಇನ್ನು ಕೆಲವರ ಹೊಂಡದಲ್ಲಿ ಬೆರಳುದ್ದದ ಮೀನು ವರ್ಷ ಕಳೆದರೂ ಗೇಣುದ್ದ ಆಗಿಲ್ಲ, ಇಲ್ಲವೇ ಒಂದೇ ರಾತ್ರಿಯಲ್ಲಿ ಎಲ್ಲ ತೇಲಿವೆ. ನೀರು ಅದೇ, ಮೀನಿನ ಜಾತಿಯೂ ಅದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿ ಬಂತು? ಅದಕ್ಕೆ ಉತ್ತರ ಮೀನು ಸಾಕಣೆಯ ಇತಿಹಾಸದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ನಮ್ಮ ಕಡೆ ಮೀನು ತಿನ್ನುವ ಮನೆಗಳೂ ಇವೆ, ಮುಟ್ಟದ ಮನೆಗಳೂ ಇವೆ. ತಿನ್ನುವುದು ಬಿಡುವುದು ಅವರವರ ಮನೆಯ ವಿಚಾರ. ಆದರೆ ಒಮ್ಮೆ ಸಾಕಲು ತಂದ ಮೇಲೆ ಅದು ದನಕರುವಿನಂತೆ ನಮ್ಮ ಜವಾಬ್ದಾರಿ. ಎತ್ತಿಗೆ ನೀರಡಿಕೆಯಾದರೆ ಒದರುತ್ತದೆ, ಮೇವು ಕಡಿಮೆಯಾದರೆ ಹಗ್ಗ ಜಗ್ಗುತ್ತದೆ. ಮೀನು ಒದರೋದಿಲ್ಲ. ಅದರ ಕಷ್ಟ ನಾವೇ ನೀರು ನೋಡಿ ತಿಳಿದುಕೊಳ್ಳಬೇಕು.

ಅರಸರ ಕಾಲದ ಮೀನು

ಮೀನು ಯಾರದು ಎಂಬ ಪ್ರಶ್ನೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗ್ರಂಥವನ್ನು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಕೆರೆ ಕಟ್ಟೆಗಳಲ್ಲಿನ ಮೀನು, ದೋಣಿ ಕಡವು ಮತ್ತು ಅಲ್ಲಿ ಬೆಳೆಯುವ ಸೊಪ್ಪಿನ ವ್ಯಾಪಾರದ ಮೇಲೆ ರಾಜನಿಗೆ ಹಕ್ಕು ಎಂದು ಅದರಲ್ಲಿ ಹೇಳಿದೆ. ಅಂದರೆ ಕೆರೆಯ ಮೀನು ಆ ಕಾಲಕ್ಕೇ ಲೆಕ್ಕಕ್ಕೆ ಬರುವ ಸಂಪತ್ತು ಆಗಿತ್ತು.

ನಮ್ಮ ನಾಡಿಗೆ ಹತ್ತಿರದ ಸಾಕ್ಷಿ ಕಲ್ಯಾಣದ ಚಾಲುಕ್ಯರದು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ ಅವರ ರಾಜಧಾನಿ, ನಮ್ಮ ಈ ಪ್ರದೇಶವೂ ಅವರ ಆಳ್ವಿಕೆಯಲ್ಲೇ ಇತ್ತು. ಅವರಲ್ಲಿ ಮೂರನೆಯ ಸೋಮೇಶ್ವರನು 12ನೇ ಶತಮಾನದ ಮೊದಲ ಅರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದನು. ಅಡಿಗೆ, ಆನೆ, ಕುದುರೆ, ಸಂಗೀತ, ಔಷಧ ಹೀಗೆ ನೂರು ವಿಷಯ ಹೇಳುವ ಈ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವಿದೆ. ಗಾಳ ಹಾಕಿ ಮೀನು ಹಿಡಿಯುವ ರಾಜವಿನೋದದ ಅಧ್ಯಾಯ ಅದು. ಸುಂದರಲಾಲ್ ಹೋರಾ ಎಂಬ ಹೆಸರಾಂತ ಪ್ರಾಣಿಶಾಸ್ತ್ರಜ್ಞರು 1951ರಲ್ಲಿ ಈ ಅಧ್ಯಾಯವನ್ನು ಅಭ್ಯಾಸ ಮಾಡಿ ಲೋಕಕ್ಕೆ ತಿಳಿಸಿದರು.

ಅದರಲ್ಲಿ ನಾವು ಗಮನಿಸಬೇಕಾದ ಸಂಗತಿ ಗಾಳದ್ದಲ್ಲ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಅಲ್ಲಿ ವಿಂಗಡಿಸಿದ್ದಾರೆ: ಹೊಳೆಯಲ್ಲಿರುವವು, ಸಮುದ್ರದಲ್ಲಿರುವವು, ಹುರುಪೆ ಇದ್ದವು, ಹುರುಪೆ ಇಲ್ಲದವು, ದೊಡ್ಡವು, ಸಣ್ಣವು. ಯಾವುದಕ್ಕೆ ಹಿಟ್ಟಿನ ಉಂಡೆ ಹಾಕಬೇಕು, ಯಾವುದಕ್ಕೆ ಮಾಂಸದ ಉಂಡೆ ಹಾಕಬೇಕು ಎಂಬುದನ್ನೂ ಹೇಳಿದ್ದಾರೆ. ನೀರಿನಲ್ಲಿರುವುದೆಲ್ಲ ಒಂದೇ ಮೀನಲ್ಲ, ಒಂದೊಂದಕ್ಕೆ ಒಂದೊಂದು ಜಾಗ, ಒಂದೊಂದು ಮೇವು ಎಂಬ ತಿಳಿವಳಿಕೆ ಸುಮಾರು ಒಂಬತ್ತು ನೂರು ವರ್ಷದ ಹಿಂದೆಯೇ ನಮ್ಮ ನಾಡಿನಲ್ಲಿ ಬರಹಕ್ಕೆ ಇಳಿದಿತ್ತು. ಇಂದಿನ ಮೀನು ಸಾಕಣೆ ನಿಂತಿರುವುದು ಇದೇ ತತ್ತ್ವದ ಮೇಲೆ.

ಕೆರೆಯ ಕಾಲ

ಬಿಜಾಪುರ ಸೀಮೆಗೆ ಬರದ ಸೀಮೆ ಎಂದೇ ಹೆಸರು. ಆದ್ದರಿಂದ ಇಲ್ಲಿ ಆಳಿದವರೆಲ್ಲ ನೀರು ನಿಲ್ಲಿಸಲು ಶ್ರಮಪಟ್ಟರು. ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆ ಇಂದಿಗೂ ಇದೆ. ವಿಜಯಪುರದ ಬೇಗಂ ತಲಾಬ್ ಅನ್ನು 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದನು. ಬ್ರಿಟಿಷರ ಕಾಲದಲ್ಲಿ ಭೂತನಾಳ ಕೆರೆ ಆಯಿತು.

ಆದರೆ ಇಂಥ ಕೆರೆಗಳಲ್ಲಿ ಮೀನು ‘ಸಾಕುವ’ ಪದ್ಧತಿ ಬೇರೆ, ‘ಸಿಗುವ’ ಪದ್ಧತಿ ಬೇರೆ. ಮಳೆಗಾಲದ ಹಳ್ಳದ ನೀರಿನೊಂದಿಗೆ ಬಂದ ಮೀನು ಕೆರೆಯಲ್ಲಿ ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ, ಬುಟ್ಟಿ ಹಿಡಿದು ಇಳಿದರೆ ಸಿಕ್ಕಿದ್ದೇ ಬೆಳೆ. ಕೆರೆ ಪೂರ್ತಿ ಬತ್ತಿದರೂ ಕೆಸರಿನಲ್ಲಿ ಉಳಿಯುವ ಶಕ್ತಿ ಕೆಲವಕ್ಕೆ ಮಾತ್ರ. ಹಾವಿನ ತಲೆಯಂಥ ತಲೆ ಇರುವ ಮುರ್ರೆಲ್ ಮತ್ತು ಕೆಲವು ಮೀಸೆ ಮೀನುಗಳು ಮೇಲಿನ ಗಾಳಿಯನ್ನೂ ಉಸಿರಾಡಬಲ್ಲವು. ಅವು ಬೇರೆ ಮೀನು ತಿಂದು ಬದುಕುವ ಜಾತಿಯವು. ಹೀಗಾಗಿ ಹಳೆಯ ಕೆರೆ ಹೊಂಡಗಳಲ್ಲಿ ತಿನ್ನುವ ಮೀನು ಉಳಿದು, ತಿನ್ನಿಸಿಕೊಳ್ಳುವ ಮೀನು ಕಡಿಮೆಯಾಗುತ್ತಿತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ರಿಟಿಷರ ಕಾಲದಲ್ಲಿ ಫ್ರಾನ್ಸಿಸ್ ಡೇ ಎಂಬ ಡಾಕ್ಟರು ಹಿಂದೂಸ್ತಾನದ ಸಿಹಿನೀರಿನ ಮೀನುಗಳ ಬಗ್ಗೆ 1873ರಲ್ಲಿ ವರದಿ ಕೊಟ್ಟರು. ಸಣ್ಣ ಮರಿಗಳನ್ನೂ ಬಿಡದೆ ಹಿಡಿಯುವುದರಿಂದ, ನೀರಿಗೆ ವಿಷ ಹಾಕುವುದರಿಂದ ಮೀನು ಸಂತಾನ ನಾಶವಾಗುತ್ತಿದೆ ಎಂಬ ಚಿಂತೆ ಅಂದೇ ಇತ್ತು. ಕಡೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯದೆ ಬಂತು. ಸಿಡಿಮದ್ದು ಹಾರಿಸಿ ಅಥವಾ ವಿಷ ಹಾಕಿ ಮೀನು ಕೊಲ್ಲುವುದು ಶಿಕ್ಷೆಗೆ ಅರ್ಹವಾಯಿತು. ಖಾಸಗಿ ನೀರಿನಲ್ಲಿ ಸಹ ಇಂತಿಷ್ಟು ನಿಯಮ ಬೇಕು ಎಂಬ ವಿಚಾರ ಆ ಕಾಯದೆಯಲ್ಲೇ ಮೊಳಕೆಯೊಡೆಯಿತು. ನಮ್ಮ ರಾಜ್ಯಕ್ಕೆ ಪ್ರತ್ಯೇಕವಾಗಿ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ 1996ರದು.

ಮರಿ ಎಲ್ಲಿಂದ ತರಬೇಕು?

ಒಕ್ಕಲುತನದಲ್ಲಿ ಬೀಜ ಇದ್ದ ಹಾಗೆ ಮೀನು ಸಾಕಣೆಯಲ್ಲಿ ಮರಿ. ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಮೀನುಗಳು ಬೇಗ ಬೆಳೆಯುತ್ತವೆ ಎಂಬುದು ಬಂಗಾಲದವರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಆದರೆ ಈ ಮೀನುಗಳದ್ದು ಒಂದು ಹಟ. ನಿಂತ ನೀರಿನಲ್ಲಿ ಬೆಳೆಯುತ್ತವೆ, ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಹೊಳೆಯ ಮಹಾಪೂರವೇ ಬೇಕು. ಆದ್ದರಿಂದ ಗಂಗಾ ನದಿಗೆ ಪೂರ ಬಂದಾಗ ಬಲೆ ಕಟ್ಟಿ ಮರಿ ಹಿಡಿದು, ಕಲಕತ್ತೆಯಿಂದ ರೈಲಿನಲ್ಲಿ ದೂರದ ಊರುಗಳಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಸತ್ತದ್ದು ಎಷ್ಟೋ, ಉಳಿದದ್ದರಲ್ಲಿ ಬೇರೆ ಜಾತಿ ಬೆರೆತದ್ದು ಎಷ್ಟೋ. ನಮ್ಮಂಥ ಮೂಲೆಯ ರೈತನಿಗೆ ಅದು ಎಟುಕುವ ಮಾತಾಗಿರಲಿಲ್ಲ.

ಈ ಬಾಗಿಲು ತೆರೆದದ್ದು 1957ನೇ ಇಸವಿ ಜುಲೈ 10ರಂದು. ಡಾ. ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ ಒರಿಸ್ಸಾದ ಅಂಗುಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಮೀನಿನ ಮೆದುಳಿನ ಕೆಳಗೆ ಜೋಳದ ಕಾಳಿಗಿಂತ ಸಣ್ಣದಾದ ಒಂದು ಗ್ರಂಥಿ ಇರುತ್ತದೆ. ಅದರ ರಸ ತೆಗೆದು ಬಲಿತ ಮೀನಿಗೆ ಸೂಜಿಮದ್ದು ಕೊಟ್ಟರು. ಪೂರ ಬಂದ ಹೊಳೆ ಇಲ್ಲದೆಯೂ ಅದು ಮೊಟ್ಟೆ ಇಟ್ಟಿತು. ಆ ದಿನದ ನೆನಪಿಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಮುಂದೆ ಸಿದ್ಧ ಔಷಧಗಳು ಬಂದವು, ದುಂಡನೆಯ ತೊಟ್ಟಿಯ ಮರಿ ಉತ್ಪಾದನಾ ಕೇಂದ್ರಗಳು ಬಂದವು. ಇಂದು ನಾವು ಇಲಾಖೆಯ ಕೇಂದ್ರದಿಂದ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಮರಿ ತರುತ್ತೇವೆಂದರೆ ಅದಕ್ಕೆ ಮೂಲ ಅಂಗುಲ್‌ನ ಆ ಪ್ರಯೋಗ.

1971ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಮಿಶ್ರ ಮೀನು ಸಾಕಣೆಯ ಅಖಿಲ ಭಾರತ ಯೋಜನೆ ಹಾಕಿಕೊಂಡಿತು. ಮಾನಸೋಲ್ಲಾಸದಲ್ಲಿದ್ದ ತಿಳಿವಳಿಕೆಗೆ ಇಲ್ಲಿ ಲೆಕ್ಕ ಸೇರಿತು ಎನ್ನಬಹುದು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುವಿನ ನೀರಿನಲ್ಲಿ. ಮೃಗಾಲ್ ತಳದಲ್ಲಿ. ನಮ್ಮಲ್ಲಿ ಒಂದೇ ಹೊಲದಲ್ಲಿ ತೊಗರಿ ಸಾಲಿನ ನಡುವೆ ಸಜ್ಜೆ ಬಿತ್ತುವುದಿಲ್ಲವೇ? ಒಂದರ ಬೇರು ಆಳಕ್ಕೆ, ಇನ್ನೊಂದರದು ಮೇಲೆ. ಹಾಗೆಯೇ ಇದು. ಒಂದೇ ಹೊಂಡದಲ್ಲಿ ಮೂರು ಅಂತಸ್ತು. ಮೂರನ್ನೂ ಹದವಾಗಿ ತುಂಬಿದರೆ ಒಂದರ ಮೇವು ಇನ್ನೊಂದು ಕಸಿಯುವುದಿಲ್ಲ.

ಹೊರಗಿನಿಂದ ಬಂದ ಮೀನುಗಳು

ಇತಿಹಾಸದಲ್ಲಿ ಒಳ್ಳೆಯದರ ಜೊತೆಗೆ ಎಡವಟ್ಟೂ ಇರುತ್ತದೆ. 1952ರಲ್ಲಿ ಆಫ್ರಿಕಾ ಮೂಲದ ತಿಲಾಪಿಯಾ ಮೀನನ್ನು ನಮ್ಮ ದೇಶಕ್ಕೆ ತಂದರು. ನಮ್ಮ ಜನ ಅದಕ್ಕೆ ಜಿಲೇಬಿ ಮೀನು ಅಂತಾರೆ. ಬಡವರಿಗೆ ಅಗ್ಗದ ಆಹಾರ ಆಗಲಿ ಎಂಬ ಸದುದ್ದೇಶವೇ ಇತ್ತು. ಆದರೆ ಈ ಮೀನು ನಿಂತ ನೀರಿನಲ್ಲೇ ಮರಿ ಮಾಡುತ್ತದೆ, ವರ್ಷಕ್ಕೆ ಹಲವು ಸಲ ಮಾಡುತ್ತದೆ. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಹಾಗಾಗಿ ಮರಿ ಸಾಯುವುದು ಕಡಿಮೆ. ಕೆಲವೇ ತಿಂಗಳಲ್ಲಿ ಹೊಂಡದ ತುಂಬ ಅಂಗೈಯಷ್ಟು ಮೀನು. ಮೇವು ಸಾಲದೆ ಒಂದೂ ದೊಡ್ಡದಾಗುವುದಿಲ್ಲ. ಮೀನು ಕಡಿಮೆಯಾಗಿ ಹೊಂಡ ಕೆಟ್ಟದ್ದನ್ನು ಎಲ್ಲರೂ ನೋಡ್ಯಾರೆ, ಮೀನು ಹೆಚ್ಚಾಗಿ ಹೊಂಡ ಕೆಡುತ್ತದೆ ಎಂಬ ಪಾಠವನ್ನು ನಮಗೆ ಕಲಿಸಿದ್ದು ಈ ಜಿಲೇಬಿ.

1959ರಲ್ಲಿ ಚೀನಾ ಮೂಲದ ಬೆಳ್ಳಿಗೆಂಡೆ ಮತ್ತು ಹುಲ್ಲುಗೆಂಡೆ ಬಂದವು. ಹುಲ್ಲುಗೆಂಡೆ ನೀರೊಳಗಿನ ಕಳೆ ತಿಂದು ಉಪಕಾರ ಮಾಡುತ್ತದೆ. ಬೆಳ್ಳಿಗೆಂಡೆ ಮಾತ್ರ ಕಾಟ್ಲಾ ತಿನ್ನುವ ಮೇಲಿನ ನೀರಿನ ಮೇವನ್ನೇ ತಿನ್ನುತ್ತದೆ. 1971ರಲ್ಲಿ ಹಿಮಾಚಲದ ಗೋವಿಂದಸಾಗರ ಜಲಾಶಯಕ್ಕೆ ಅದು ಹತ್ತಿರದ ಸಾಕಣೆ ಕೇಂದ್ರದಿಂದ ಆಕಸ್ಮಿಕವಾಗಿ ಸೇರಿಕೊಂಡಿತು. ಕೆಲವು ವರ್ಷದಲ್ಲಿ ಅಲ್ಲಿ ಬೆಳ್ಳಿಗೆಂಡೆಯದೇ ರಾಜ್ಯವಾಗಿ ಕಾಟ್ಲಾ ಹಿಂದೆ ಬಿತ್ತು. ಒಂದು ಸಣ್ಣ ಹೊಂಡದ ನೀರು ಹೊರಗೆ ಹೋದರೆ ಒಂದು ದೊಡ್ಡ ಜಲಾಶಯದ ಲೆಕ್ಕ ತಲೆಕೆಳಗಾದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಮೂರನೆಯದು ಆಫ್ರಿಕನ್ ಕ್ಯಾಟ್‌ಫಿಶ್. ಕೊಳೆತ ನೀರಿನಲ್ಲೂ ಬದುಕುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ, ಬೇರೆ ಮೀನುಗಳನ್ನೂ ಬಿಡುವುದಿಲ್ಲ. ಕೇಂದ್ರ ಸರಕಾರ 2000ದಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು. ಆದರೂ ಕದ್ದು ಸಾಕುವವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಕೃಷ್ಣೆಯ ಹಿನ್ನೀರು

ಈಗ ನಮ್ಮ ಊರಿನ ಕಥೆಗೆ ಬರೋಣ. 1964ರ ಮೇ 22ರಂದು, ಮುಂದೆ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕೆಲಸ ಮುಗಿದು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಡಾ. ಅಬ್ದುಲ್ ಕಲಾಮ್ ಅವರು ನಾಡಿಗೆ ಅರ್ಪಿಸಿದರು. 519.60 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ನೀರು ನಿಲ್ಲುವ ಆ ಜಲಾಶಯಕ್ಕೆ ಶಾಸ್ತ್ರಿಗಳ ಹೆಸರೇ ಇದೆ. ನೀರು ನಾಡಿಗೆ ಬಂತು, ಆದರೆ ನಮ್ಮ ಭಾಗದ ಎಷ್ಟೋ ಮನೆತನಗಳ ಹೊಳೆದಂಡೆಯ ಫಲವತ್ತಾದ ಎರೆಭೂಮಿ ಹಿನ್ನೀರಿನಡಿ ಹೋಯಿತು. ಊರುಗಳೇ ಎದ್ದು ಪುನರ್ವಸತಿ ಕೇಂದ್ರಗಳಾದವು. ಹತ್ತು ಎಕರೆ ಇದ್ದವನು ಮೂರು ಎಕರೆಯ ಮೇಲೆ ಸಂಸಾರ ಸಾಗಿಸಬೇಕಾಯಿತು. ಉಳಿದ ತುಂಡು ನೆಲದಲ್ಲಿ ಜೋಳ, ತೊಗರಿಯ ಜೊತೆಗೆ ಇನ್ನೊಂದು ಆದಾಯ ಹುಡುಕುವುದು ನಮಗೆ ಹವ್ಯಾಸವಲ್ಲ, ಅನಿವಾರ್ಯ.

ಅದೇ ಹಿನ್ನೀರು ಬೇರೆ ಕೆಲವರ ಅನ್ನವೂ ಆಗಿದೆ. ಬೆಳಗಿನ ಜಾವ ತೆಪ್ಪ ತಳ್ಳಿಕೊಂಡು ಹೋಗಿ ಬಲೆ ಎತ್ತುವ ಮೀನುಗಾರ ಕುಟುಂಬಗಳಿಗೆ ಆ ನೀರೇ ಹೊಲ. ಅಂಬಿಗರ ಚೌಡಯ್ಯನಂಥ ಶರಣನನ್ನು ಕೊಟ್ಟ ಕಾಯಕ ಅದು. ನಮ್ಮ ಖಾಸಗಿ ಹೊಂಡದ ಮಾತು ಆಡುವಾಗ ಇವರನ್ನು ಮರೆಯಬಾರದು. ಯಾಕೆಂದರೆ ನಮ್ಮ ಹೊಲದ ಹೆಚ್ಚುವರಿ ನೀರು ಹಳ್ಳಕ್ಕೆ, ಹಳ್ಳದ ನೀರು ಹೊಳೆಗೆ. ಜೋರು ಮಳೆಯಲ್ಲಿ ಹೊಂಡ ಕೋಡಿ ಹರಿದರೆ ನಮ್ಮ ಮೀನೂ, ಅದರ ರೋಗವೂ ಕೃಷ್ಣೆಗೆ ಸೇರುತ್ತದೆ. 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡ ಮೀನಿನ ಹುಣ್ಣು ರೋಗ ನೀರಿನ ದಾರಿ ಹಿಡಿದು ಕೆಲವೇ ವರ್ಷಗಳಲ್ಲಿ ದೇಶದ ಎಷ್ಟೋ ಕಡೆ ಹಬ್ಬಿತು. ಹೊಂಡ ನಮ್ಮದಾದರೂ ನೀರು ನಮ್ಮೊಬ್ಬರದಲ್ಲ.

ಹೊಲಕ್ಕೊಂದು ಹೊಂಡ

2014ರಲ್ಲಿ ರಾಜ್ಯ ಸರಕಾರ ಕೃಷಿಭಾಗ್ಯ ಯೋಜನೆ ತಂದಿತು. ಮಳೆಯಾಶ್ರಿತ ರೈತನ ಹೊಲದಲ್ಲೇ ಮಳೆನೀರು ನಿಲ್ಲಿಸುವುದು ಅದರ ಉದ್ದೇಶ. 10 ಮೀಟರ್ ಚೌಕದ ಸಣ್ಣ ಹೊಂಡದಿಂದ 21 ಮೀಟರ್ ಚೌಕದ ದೊಡ್ಡ ಹೊಂಡದವರೆಗೆ, 3 ಮೀಟರ್ ಆಳಕ್ಕೆ ತೋಡಿಸಿದರು. ಜೊತೆಗೆ ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳಿಂದ ಕೆಲವು ಕಡೆ ಕೆರೆ ತುಂಬಿದವು, ಬಾವಿಗಳ ನೀರು ಏರಿತು. 2018-19ರ ಕೇಂದ್ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನು ಸಾಕುವವರಿಗೂ ವಿಸ್ತರಿಸಿದರು. 2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂತು. ಅರಸನ ಹಕ್ಕಾಗಿದ್ದ ಮೀನು ಹೀಗೆ ಸಾಮಾನ್ಯ ರೈತನ ಹೊಲದ ಮೂಲೆಗೆ ಬಂದು ನಿಂತಿತು.

ಇನ್ನು ಲೇಖನದ ಮುಖ್ಯ ಮಾತು. ಹೊಂಡ ಬಂತು, ಮರಿ ಸಿಕ್ಕಿತು, ಸಾಲವೂ ದೊರೆಯಿತು. ಬಾರದೆ ಉಳಿದದ್ದು ಲೆಕ್ಕ.

21 ಮೀಟರ್ ಚೌಕದ ಹೊಂಡದ ಮೇಲ್ಮೈ 441 ಚದರ ಮೀಟರ್. ಎಕರೆಯ ಒಂಬತ್ತನೇ ಒಂದು ಪಾಲು ಅಷ್ಟೇ. ಮಿಶ್ರ ಸಾಕಣೆಯಲ್ಲಿ ಸಾಧಾರಣವಾಗಿ ಹೆಕ್ಟೇರಿಗೆ 5,000 ಬಲಿತ ಮರಿ ಎಂದು ಶಿಫಾರಸು ಮಾಡುತ್ತಾರೆ. ಅಂದರೆ ಎರಡು ಚದರ ಮೀಟರಿಗೆ ಒಂದು ಮರಿ. ಆ ಲೆಕ್ಕದಲ್ಲಿ ನಮ್ಮ ದೊಡ್ಡ ಹೊಂಡಕ್ಕೇ 220 ಮರಿ. ಹೊಂಡದ ಗೋಡೆ ಇಳಿಜಾರು, ಚಳಿಗಾಲ ಕಳೆಯುತ್ತಿದ್ದಂತೆ ನೀರು ಇಳಿಯುತ್ತದೆ, ಆದ್ದರಿಂದ 200ಕ್ಕೆ ನಿಲ್ಲಿಸುವುದು ಜಾಣತನ. ಆದರೆ ನಮ್ಮವರು ಏನು ಮಾಡುತ್ತಾರೆ? ‘ಮರಿ ಅಗ್ಗ ಐತಿ, ಸಾವಿರ ಬಿಡೋಣ, ಐನೂರಾದರೂ ಉಳಿತಾವ’ ಅಂತಾರೆ. ಒಂದು ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ ಕಟ್ಟುವ ಜಾಗಕ್ಕೆ ಇಪ್ಪತ್ತು ಕಟ್ಟಿದರೆ ಹಾಲು ಐದು ಪಟ್ಟು ಆದೀತೇ?

200 ಮರಿಯಲ್ಲಿ 160 ಉಳಿದು ಒಂದೊಂದು ಮುಕ್ಕಾಲು ಕಿಲೋ ತೂಗಿದರೆ 120 ಕಿಲೋ ಮೀನು. ಸಾವಿರದಲ್ಲಿ ಎಂಟುನೂರು ಉಳಿದು ಒಂದೊಂದು ನೂರು ಗ್ರಾಮಿಗೆ ನಿಂತರೆ 80 ಕಿಲೋ, ಅದನ್ನೂ ಕೊಳ್ಳುವವರು ಮೂಗು ಮುರಿಯುತ್ತಾರೆ. ಇದು ಹೊಂಡದಿಂದ ಹೊಂಡಕ್ಕೆ ಬದಲಾಗುವ ಅಂದಾಜಿನ ಲೆಕ್ಕ, ಆದರೆ ತಾತ್ಪರ್ಯ ಬದಲಾಗದು. ನೀರು ಎಷ್ಟು ತೂಕ ಹೊರುತ್ತದೋ ಅಷ್ಟನ್ನೇ ಹೊರುತ್ತದೆ. ಆ ತೂಕವನ್ನು ಕಡಿಮೆ ತಲೆಗೆ ಹಂಚಿದರೆ ದೊಡ್ಡ ಮೀನು, ಹೆಚ್ಚು ತಲೆಗೆ ಹಂಚಿದರೆ ಸಣ್ಣ ಮೀನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೊಂಡಕ್ಕೂ ಸಲ್ಲುತ್ತದೆ.

ನಸುಕಿನ ನೀರು

ಮೀನು ಒಂದೇ ರಾತ್ರಿಯಲ್ಲಿ ಸತ್ತರೆ ‘ಯಾರೋ ವಿಷ ಹಾಕ್ಯಾರ’ ಎಂಬ ಸಂಶಯ ಮೊದಲು ಬರುತ್ತದೆ. ಅಕ್ಕಪಕ್ಕದವರಲ್ಲಿ ಜಗಳಗಳೂ ಆಗುತ್ತವೆ. ಎಷ್ಟೋ ಸಲ ಕಾರಣ ನೀರೊಳಗೇ ಇರುತ್ತದೆ. ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಪಾಚಿಗಳಿರುತ್ತವೆ. ಹಗಲು ಬಿಸಿಲಿನಲ್ಲಿ ಅವು ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನಂತೆಯೇ ಉಸಿರಾಡಿ ಆಮ್ಲಜನಕ ಬಳಸುತ್ತವೆ. ಹೀಗಾಗಿ ನಸುಕಿನಲ್ಲಿ ನೀರೊಳಗಿನ ಉಸಿರು ಅತಿ ಕಡಿಮೆ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಮೀನು ಸುಖವಾಗಿರುತ್ತದೆ, 3ಕ್ಕಿಂತ ಕೆಳಗಿಳಿದರೆ ತೊಂದರೆ. ಎರಡು ಮೂರು ದಿನ ಮೋಡ ಮುಸುಕಿ, ಮೀನು ಹೆಚ್ಚಾಗಿದ್ದು, ಮೇಲೆ ಬಂಡಿಗಟ್ಟಲೆ ಸಗಣಿ ಸುರಿದಿದ್ದರೆ ಆ ರಾತ್ರಿ ಹೊಂಡ ಉಸಿರುಗಟ್ಟುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದೇ ಅವುಗಳ ಒದರಾಟ. ಕೂಡಲೇ ಪಂಪು ಹಚ್ಚಿ ನೀರನ್ನು ಎತ್ತರದಿಂದ ಹೊಂಡಕ್ಕೇ ಬೀಳಿಸಬೇಕು, ಆ ದಿನ ಮೇವು, ಗೊಬ್ಬರ ನಿಲ್ಲಿಸಬೇಕು.

ಸಗಣಿ ಹಾಕುವುದು ಮೀನಿಗೆ ನೇರವಾಗಿ ತಿನ್ನಲಿ ಎಂದಲ್ಲ, ನೀರಿನಲ್ಲಿ ಸಣ್ಣ ಜೀವಿಗಳು ಬೆಳೆಯಲಿ ಎಂದು. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಎಂಬುದು ಸಾಮಾನ್ಯ ಶಿಫಾರಸು, ಅದರಲ್ಲಿ ಐದನೇ ಒಂದು ಪಾಲು ಮರಿ ಬಿಡುವ ಮೊದಲು. ನಮ್ಮ 441 ಚದರ ಮೀಟರಿಗೆ ಅದು ಸುಮಾರು 90 ಕಿಲೋ. ಉಳಿದದ್ದು ಕಂತು ಕಂತಾಗಿ. ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲು ಯಂತ್ರ ಬೇಡ. ಬಿಸಿಲಿನಲ್ಲಿ ಮೊಳಕೈವರೆಗೆ ತೋಳು ನೀರಿಗಿಳಿಸಿ ಅಂಗೈ ನೋಡಿರಿ. ಮೊಳಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ನೀರು ಹದವಾಗಿದೆ. ಅದಕ್ಕೂ ಮೊದಲೇ ಕಾಣದಾದರೆ ಗೊಬ್ಬರ ನಿಲ್ಲಿಸಿರಿ. ಮೊಳಕೈ ಮುಳುಗಿದರೂ ಬೆರಳು ಸ್ಪಷ್ಟ ಕಂಡರೆ ಮೇವು ಸಾಲದು.

ಸುಣ್ಣದ ಬಗ್ಗೆಯೂ ಒಂದು ಎಚ್ಚರ. ಪುಸ್ತಕಗಳಲ್ಲಿ ಹೆಕ್ಟೇರಿಗೆ 200 ಕಿಲೋ ಸುಣ್ಣ ಎಂದಿರುತ್ತದೆ. ಅದು ಹುಳಿ ಮಣ್ಣಿನ ಪ್ರದೇಶಕ್ಕೆ ಬಹಳ ಬೇಕು. ನಮ್ಮ ಎರೆ ಮಣ್ಣು ಮೊದಲೇ ಕ್ಷಾರದ ಕಡೆಗೆ ಇರುವುದರಿಂದ ಮಣ್ಣು, ನೀರು ಪರೀಕ್ಷೆ ಮಾಡಿಸಿಯೇ ಹಾಕಬೇಕು. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿನ ತಿಳಿದವರನ್ನು ಕೇಳುವುದಕ್ಕೆ ಸಂಕೋಚ ಬೇಡ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ತಳದಲ್ಲಿ ಕೆಸರಿಲ್ಲದ ಕಾರಣ ತಳದ ಮೇವು ಬೆಳೆಯದು. ಅಲ್ಲಿ ಒಂದು ಗೇಣು ಮಣ್ಣು ಹರಡಬೇಕು, ಮೃಗಾಲ್ ಪಾಲು ಕಡಿಮೆ ಮಾಡಬೇಕು.

ಬಿಡುವುದು ಮತ್ತು ತೆಗೆಯುವುದು

ಹಳೆಯ ಕೆರೆಗಳ ಮಾತು ಹೇಳುವಾಗ ಕೆಸರಿನಲ್ಲಿ ಉಳಿಯುವ ಮೀನಿನ ವಿಷಯ ನೆನಪಿಡಿ ಎಂದಿದ್ದೆ. ಬೇಸಿಗೆಯಲ್ಲಿ ಹೊಂಡ ಒಣಗಿಸಿ, ತಳ ಬಿರುಕು ಬಿಡುವವರೆಗೆ ಬಿಸಿಲಿಗೆ ಬಿಡುವುದು ಇದಕ್ಕಾಗಿ. ಮೀನು ತಿನ್ನುವ ಮೀನು, ಜಿಲೇಬಿ, ರೋಗದ ಬೀಜ ಎಲ್ಲಕ್ಕೂ ಬಿಸಿಲೇ ಮದ್ದು. ಬರದ ಸೀಮೆಯ ಬಿಸಿಲು ಮೀನು ಸಾಕುವವನಿಗೆ ಈ ಒಂದು ಉಪಕಾರ ಮಾಡುತ್ತದೆ. ನೀರು ಬರುವ ಬಾಯಿಗೂ ಹೋಗುವ ಬಾಯಿಗೂ ಸಣ್ಣ ಕಣ್ಣಿನ ಜಾಳಿಗೆ ಕಟ್ಟಬೇಕು.

ನಮ್ಮಲ್ಲಿ ಹೊಂಡ ತುಂಬುವುದು ಆಗಸ್ಟ್, ಸೆಪ್ಟೆಂಬರದಲ್ಲಿ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ನೀರು ಇಳಿಯುತ್ತದೆ. ಸಿಗುವ ಕಾಲ ಆರೇಳು ತಿಂಗಳು. ಆದ್ದರಿಂದ ನೂಲಿನೆಳೆಯಂಥ ಮರಿ ತಂದರೆ ನಡೆಯದು, ನಾಲ್ಕು ಬೆರಳು ಉದ್ದದ ಬಲಿತ ಮರಿಯೇ ಬೇಕು. ಕಾಲುವೆ ಅಥವಾ ಬಾವಿ ನೀರಿನ ಆಧಾರ ಇದ್ದವರಿಗೆ ಮಾತ್ರ ಪೂರ್ತಿ ವರ್ಷ ಸಿಗುತ್ತದೆ. ಮೇವಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ. ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಪಾಲು ದಿನಕ್ಕೆ. 160 ಮೀನು ಕಾಲು ಕಿಲೋ ಇರುವಾಗ ಒಟ್ಟು 40 ಕಿಲೋ, ಮೇವು 800 ಗ್ರಾಂ. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು ಮೊದಲು ಹೇಳಿದ ಉಸಿರನ್ನೇ ಕಸಿಯುತ್ತದೆ. ತಿಂಗಳಿಗೊಮ್ಮೆ ಬಲೆ ಎಳೆದು ಹತ್ತು ಮೀನು ತೂಗಿ ನೋಡಬೇಕು. ಮೈಮೇಲೆ ಹುಣ್ಣು ಇದೆಯೇ ನೋಡಬೇಕು. ನೀರು ಇಳಿಯತೊಡಗಿದಾಗ ದೊಡ್ಡವನ್ನು ಮೊದಲು ಮಾರಿ, ಉಳಿದವಕ್ಕೆ ಜಾಗ ಬಿಡಬೇಕು. ತೆಗೆಯುವುದೂ ಸಾಕಣೆಯ ಒಂದು ಭಾಗವೇ.

ನಿಷೇಧದ ಮೀನು ಎಷ್ಟೇ ಲಾಭ ತೋರಿಸಿದರೂ ತರಬಾರದು. ಬೇಡವಾದ ಮೀನನ್ನು ‘ಪಾಪ, ಬದುಕಲಿ’ ಎಂದು ಹಳ್ಳಕ್ಕೆ, ಹಿನ್ನೀರಿಗೆ ಬಿಡಲೂಬಾರದು. ಗೋವಿಂದಸಾಗರದ ಕಥೆ ಆಲಮಟ್ಟಿಯಲ್ಲಿ ಆಗುವುದು ಬೇಡ.

ಸಂಘದ ಕೆಲಸ

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದಾಗ ಅವರ ಮುಂದೆ ಇದ್ದ ವಿಚಾರ ಒಂದೇ: ಒಬ್ಬನಿಂದ ಆಗದ್ದು ಹತ್ತು ಜನರಿಂದ ಆದೀತು. 200 ಮರಿ ತರಲು ಒಬ್ಬ ರೈತ ದೂರ ಹೋದರೆ ಬಾಡಿಗೆಯೇ ಹೆಚ್ಚು. ಇಪ್ಪತ್ತು ಸದಸ್ಯರು ಕೂಡಿದರೆ ಒಂದೇ ಗಾಡಿಯಲ್ಲಿ 4,000 ಮರಿ ಬರುತ್ತವೆ, ಜಾತಿಯನ್ನೂ ಅಳತೆಯನ್ನೂ ನೋಡಿಯೇ ತರಬಹುದು. ಒಂದು ಎಳೆಬಲೆ, ಒಂದು ತಕ್ಕಡಿ, ಒಂದು ನೀರು ಪರೀಕ್ಷೆಯ ಪೆಟ್ಟಿಗೆ ಸಂಘದಲ್ಲಿ ಇಟ್ಟರೆ ಸರದಿಯಂತೆ ಎಲ್ಲರಿಗೂ ಆಗುತ್ತದೆ. ಎಲ್ಲರ ಹೊಂಡ ಒಂದೇ ವಾರ ಬಲೆಗೆ ಬಂದು ದರ ಬೀಳದಂತೆ ಮೊದಲೇ ಮಾತಾಡಿಕೊಳ್ಳಬಹುದು. ಈ ಸೂಚನೆಗಳನ್ನು ಆಡಳಿತ ಮಂಡಳಿಯ ಮುಂದೆ ಇಡುವವನಿದ್ದೇನೆ, ಸದಸ್ಯರು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಮನಸ್ಸು ಬಿಚ್ಚಿ ಚರ್ಚಿಸಬೇಕು.

ಇನ್ನೊಂದು ವಿನಂತಿ. ಸಾಲ ಪಡೆದು ಮೀನು ಬಿಡುವವರು ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿರಿ. ಯಾವ ದಿನ, ಎಷ್ಟು ಮರಿ, ಯಾವ ಜಾತಿ, ಎಷ್ಟು ಮೇವು, ಎಷ್ಟು ಸತ್ತವು, ಎಷ್ಟು ತೂಗಿದವು. ಸಂಘದ ರೊಕ್ಕದ ಕಿರ್ದಿ ಒಂದು ದಿನ ತಪ್ಪಿದರೆ ನಾವು ಕಾರ್ಯದರ್ಶಿಯವರನ್ನು ಕೇಳುತ್ತೇವೆ. ಅದೇ ರೊಕ್ಕ ನೀರಿಗೆ ಇಳಿದ ಮೇಲೆ ಲೆಕ್ಕ ಬೇಡವೇ? ನಾಲ್ಕು ವರ್ಷ ಬರೆದಿಟ್ಟರೆ ನಿಡಗುಂದಿಯ ಮಣ್ಣಿಗೆ, ನಿಡಗುಂದಿಯ ಬಿಸಿಲಿಗೆ ಎಷ್ಟು ಮರಿ ಸರಿ ಎಂಬುದು ನಮ್ಮದೇ ಪುಸ್ತಕದಲ್ಲಿ ಸಿಗುತ್ತದೆ, ಮುಂದೆ ಹೊಂಡ ತೋಡುವ ಹುಡುಗರಿಗೆ ಅದು ಆಸ್ತಿ.

ಹೊಳೆಗೆ ಭೂಮಿ ಕೊಟ್ಟ ಊರು ನಮ್ಮದು. ಉಳಿದ ನೆಲ, ಉಳಿದ ನೀರು ಎರಡನ್ನೂ ಹದವರಿತು ಬಳಸೋಣ. ಹೊಂಡ ತುಂಬ ಮೀನು ಬೇಡ, ಹೊಂಡಕ್ಕೆ ತಕ್ಕ ಮೀನು ಇರಲಿ.



ಜೈ ಸಹಕಾರ.